ತಂಪು ಬೆಟ್ಟದ ಸಾವಯವ ವೈನ್: ಗಂಗಾವತಿ ಮಾದರಿಯ ಬಳಕೆ ಕೈಪಿಡಿ

ಬಳಸುವ ಮುನ್ನ ಓದಿರಿ

ಗಂಗಾವತಿ, ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಕುಳಿತು ಆಲ್ಪ್ಸ್ ಪರ್ವತದ ಕನಸು ಕಾಣುವವರಿಗಾಗಿ ಈ ಕೈಪಿಡಿ ಸಿದ್ಧವಾಗಿದೆ. ಹೊಳಪು ಕಾಗದದ ಪತ್ರಿಕೆಯಲ್ಲಿ ಕಡಿದಾದ ಇಳಿಜಾರು, ಮಂಜು, ಸಾಲು ಸಾಲು ದ್ರಾಕ್ಷಿ ಬಳ್ಳಿ, ಉಣ್ಣೆ ಟೊಪ್ಪಿಗೆ ಹಾಕಿಕೊಂಡು ಗ್ಲಾಸು ಎತ್ತಿ ಹಿಡಿದ ರೈತನ ಫೋಟೋ ನೋಡಿ, "ನಮ್ಮ ಮಸಾರಿ ಹೊಲದಾಗೂ ಇದು ಯಾಕ ಆಗಬಾರದು?" ಎಂದುಕೊಂಡಿದ್ದರೆ ನೀವು ಅರ್ಹರು. ಓದಲು ಡಿಸೆಂಬರ್ ಬೆಳಗು ಪ್ರಶಸ್ತ. ಏಪ್ರಿಲ್ ಮಧ್ಯಾಹ್ನ ಓದಿದರೆ ಮೂರನೇ ಸಾಲಿಗೇ ನಗು ಬರುತ್ತದೆ, ಕೆಲಸ ಕೆಡುತ್ತದೆ.

ಎಚ್ಚರಿಕೆ: ಅಬಕಾರಿ ಪರವಾನಗಿ ಇಲ್ಲದೆ ಮನೆಯ ಹಿತ್ತಲಲ್ಲಿ ಈ ಕೈಪಿಡಿಯನ್ನು ಪ್ರಯೋಗಿಸಬೇಡಿ. 1965ರ ಕರ್ನಾಟಕ ಅಬಕಾರಿ ಕಾಯ್ದೆಗೆ ಹಾಸ್ಯಪ್ರಜ್ಞೆ ಇಲ್ಲ.

ಬೇಕಾಗುವ ಸಾಮಾನು

- ಬೆಟ್ಟ: ಒಂದು. ಎತ್ತರದ್ದಾಗಿರಬೇಕು. ಬರೀ ಬಂಡೆಗಳ ರಾಶಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.
- ತಂಪು: ಸಾಕಷ್ಟು. ಪೆಟ್ಟಿಗೆಯೊಳಗೆ ಬರುವುದಿಲ್ಲ, ಬೇರೆ ಕಡೆಯಿಂದ ಹೊಂದಿಸಿಕೊಳ್ಳಬೇಕು.
- ಮಣ್ಣು: ನೀರು ನಿಲ್ಲದ ಕೆಂಪು ಮಸಾರಿ.
- ನೀರು: ಬೋರ್‌ವೆಲ್ ಒಂದು, ಡ್ರಿಪ್ ಪೈಪು ಬೇಕಾದಷ್ಟು.
- ಚಾಟ್ನಿ ಕತ್ತರಿ: ಬಳ್ಳಿ ಸವರಲು, ಹರಿತವಾದದ್ದು.
- ದೊಡ್ಡಪ್ಪ: ಒಬ್ಬರು. ಪ್ರತಿ ಹಂತದಲ್ಲೂ ಬೇಡ ಎನ್ನುವುದು ಅವರ ಕೆಲಸ. ಗುಣಮಟ್ಟ ಪರೀಕ್ಷೆಗೆ ಇದಕ್ಕಿಂತ ಅಗ್ಗದ ಉಪಕರಣ ಇಲ್ಲ.

ಹಂತ 1: ಬೆಟ್ಟ ಹುಡುಕುವುದು

ಗಂಗಾವತಿಯಲ್ಲಿ ಬೆಟ್ಟಕ್ಕೆ ಬರವಿಲ್ಲ. ಆನೆಗೊಂದಿಯ ಕಡೆ ಯಾವ ದಿಕ್ಕಿಗೆ ಕಲ್ಲು ಎಸೆದರೂ ಇನ್ನೊಂದು ಕಲ್ಲಿಗೆ ಬೀಳುತ್ತದೆ. ಆದರೆ ವೈನ್‌ಗೆ ಬೇಕಾಗಿರುವುದು ಎತ್ತರ ತರುವ ತಂಪು. ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲೆ ಹೋದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಅಲ್ಲಿನ ಅಂಜನಾದ್ರಿ ಬೆಟ್ಟಕ್ಕೆ 575 ಮೆಟ್ಟಿಲು. ಒಂದೊಂದು ಮೆಟ್ಟಿಲು ಅರ್ಧ ಅಡಿ ಎಂದು ಹಿಡಿದರೆ ತುದಿ ಮುಟ್ಟುವ ಹೊತ್ತಿಗೆ ಅರ್ಧ ಡಿಗ್ರಿ ಚಿಲ್ಲರೆ ತಂಪು ಸಿಗುತ್ತದೆ, ಹತ್ತುವಾಗ ಮೈಗೇರಿದ ಬಿಸಿ ಅದನ್ನು ಅಲ್ಲೇ ವಸೂಲು ಮಾಡಿಕೊಳ್ಳುತ್ತದೆ. ಅದು ಆಂಜನೇಯನ ಬೆಟ್ಟ, ಭಕ್ತಿಗೆ ಇರಲಿ. ವೈನ್ ಮಾತು ಅಲ್ಲಿ ಎತ್ತಲೇಬೇಡಿ.

ಹಾಗಾದರೆ ಎಷ್ಟು ಎತ್ತರ ಬೇಕು? ಬಳ್ಳಿ ಚಿಗುರಿ ಹಣ್ಣಾಗುವ ತಿಂಗಳುಗಳ ಸರಾಸರಿ ಉಷ್ಣತೆ 13ರಿಂದ 15 ಡಿಗ್ರಿ ಇರುವ ಕಡೆಯನ್ನು ವೈನ್ ಶಾಸ್ತ್ರದವರು ತಂಪು ಪ್ರದೇಶ ಎನ್ನುತ್ತಾರೆ. ನಮ್ಮಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಸರಾಸರಿಯನ್ನು 28 ಎಂದು ಹಿಡಿಯಿರಿ. 13 ಡಿಗ್ರಿ ಇಳಿಸಬೇಕಾದರೆ ಗಂಗಾವತಿಯ ತಲೆಯ ಮೇಲೆ ಎರಡು ಸಾವಿರ ಮೀಟರ್ ಏರಬೇಕು. ಸುಮಾರು 400 ಮೀಟರ್ ಎತ್ತರದಲ್ಲಿರುವ ಊರಿಗೆ ಅದನ್ನು ಕೂಡಿಸಿದರೆ 2400 ಆಯಿತು. ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯನ್ನು ಚಿಕ್ಕಮಗಳೂರಿನಿಂದ ಲಾರಿಗೆ ಹಾಕಿ ತಂದರೂ ಅದರ ಎತ್ತರ 1930 ಮೀಟರ್ ಮಾತ್ರ. ನೀಲಗಿರಿಯ ದೊಡ್ಡಬೆಟ್ಟ 2637 ಮೀಟರ್ ಇದೆ, ಅಳತೆಗೆ ಹೊಂದುತ್ತದೆ. ಆದರೆ ತಮಿಳುನಾಡಿನವರನ್ನು ಕೇಳಬೇಕು. ನೀರು ಹಂಚಿಕೊಳ್ಳುವುದರಲ್ಲೇ ಇಷ್ಟು ವರ್ಷ ಕೋರ್ಟು ಅಲೆದವರು ಬೆಟ್ಟದ ಮಾತು ಎತ್ತದಿರುವುದು ಲೇಸು.

ಕುಷ್ಟಗಿಯವರು ಇಲ್ಲಿ ಕೈ ಎತ್ತುತ್ತಾರೆ: "ನಾವು ನಿಮಗಿಂತ ಮ್ಯಾಲ ಅದೀವ್ರಿ." ನಿಜ, ಕುಷ್ಟಗಿ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಟಲಿಯ ಆವೋಸ್ತಾ ಕಣಿವೆಯಲ್ಲಿರುವ ಸೆರ್ವಿಮ್ ಎಂಬ ಸಂಸ್ಥೆ ಬೆಟ್ಟದ ದ್ರಾಕ್ಷಿ ಯಾವುದು ಎಂದು ನಿಯಮ ಬರೆದಿದೆ. ಇಳಿಜಾರು ನೂರಕ್ಕೆ 30ಕ್ಕಿಂತ ಹೆಚ್ಚಿರಬೇಕು, ಇಲ್ಲವೇ ತೋಟ 500 ಮೀಟರ್‌ಗಿಂತ ಮೇಲಿರಬೇಕು. ಕುಷ್ಟಗಿ ಪಾಸಾಯಿತು ಎಂದು ಪೇಢೆ ಹಂಚುವಷ್ಟರಲ್ಲಿ ಅದೇ ನಿಯಮದಲ್ಲಿ ಒಂದು ಬಾಲ ಕಾಣುತ್ತದೆ: ಪ್ರಸ್ಥಭೂಮಿಗಳನ್ನು ಹೊರತುಪಡಿಸಿ. ಒಂದೇ ಷರತ್ತಿನಲ್ಲಿ ಇಡೀ ದಖ್ಖನ್ ಹೊರಗೆ ಬಿತ್ತು.

ಗುಣಮಟ್ಟ ಪರೀಕ್ಷೆ (ದೊಡ್ಡಪ್ಪ): "ಲೇ ತಮ್ಮಾ, ಬೆಟ್ಟದ ಮ್ಯಾಲ ತ್ವಾಟ ಮಾಡಿದ್ರ ಹಣ್ಣು ಕರಡಿಗೆ, ನೀರು ಹೊರೂದು ನಿನಗ."

ಹಂತ 2: ತಂಪು ತಯಾರಿಸುವುದು

ಬೆಟ್ಟ ಸಿಗದಿದ್ದರೆ ಗಾಬರಿ ಬೇಡ, ಗೋಡೆಯ ಮೇಲಿನ ಕ್ಯಾಲೆಂಡರ್ ತೆಗೆದುಕೊಳ್ಳಿ. ಈ ಸೀಮೆಯ ತಂಪು ಎತ್ತರದಲ್ಲಿಲ್ಲ, ತಿಂಗಳಲ್ಲಿದೆ. ನವೆಂಬರ್ ಕೊನೆಯಿಂದ ಫೆಬ್ರುವರಿ ನಡುವಿನವರೆಗೆ ರಾತ್ರಿಗೆ ಕಂಬಳಿ ಬೇಕಾಗುತ್ತದೆ, ಹಗಲು ಹಿತವಾಗಿರುತ್ತದೆ, ಮಳೆ ಅಪರೂಪ. ಕೊಪ್ಪಳದ ಗವಿಮಠದ ಜಾತ್ರೆಗೆ ಹೊರಟವರು ಶಾಲು ಹೊದೆಯುವ ಕಾಲ ಇದು. ಹಣ್ಣು ಮಾಗುವ ಕೆಲಸವನ್ನು ಈ ಕಿಟಕಿಯೊಳಗೆ ತೂರಿಸಿದರೆ ಸಾಕು.

ಯುರೋಪಿನಲ್ಲಿ ಬಳ್ಳಿ ಚಳಿಗಾಲಕ್ಕೆ ಎಲೆ ಉದುರಿಸಿ ಮಲಗುತ್ತದೆ, ವಸಂತದಲ್ಲಿ ತಾನೇ ಏಳುತ್ತದೆ. ನಮ್ಮಲ್ಲಿ ಅದಕ್ಕೆ ಮಲಗುವಷ್ಟು ಚಳಿಯೇ ಇಲ್ಲ. ಸುಮ್ಮನೆ ಬಿಟ್ಟರೆ ವರ್ಷಪೂರ್ತಿ ಹಸಿರಾಗಿಯೇ ಇರುತ್ತದೆ. ಹೀಗಾಗಿ ವಿಜಯಪುರದಿಂದ ಕೊಪ್ಪಳದವರೆಗೆ ದ್ರಾಕ್ಷಿ ಬೆಳೆಗಾರರು ವರ್ಷಕ್ಕೆ ಎರಡು ಬಾರಿ ಚಾಟ್ನಿ ಮಾಡುತ್ತಾರೆ. ಏಪ್ರಿಲ್ ಚಾಟ್ನಿ ಕಡ್ಡಿಗಾಗಿ. ಆ ಉರಿಬಿಸಿಲಿನಲ್ಲಿ ಬೆಳೆಯುವ ಕಡ್ಡಿಯೊಳಗೇ ಮುಂದಿನ ಗೊಂಚಲಿನ ಮೊಳಕೆ ಕೂರುತ್ತದೆ. ಅಕ್ಟೋಬರ್ ಚಾಟ್ನಿ ಹಣ್ಣಿಗಾಗಿ. ಅಲ್ಲಿಂದ ನಾಲ್ಕು ನಾಲ್ಕೂವರೆ ತಿಂಗಳಿಗೆ ಕೊಯ್ಲು. ಬೇರೆ ದೇಶಗಳಲ್ಲಿ ಋತುಮಾನ ತರುವ ಬದಲಾವಣೆಯನ್ನು ಇಲ್ಲಿ ಕತ್ತರಿ ತರುತ್ತದೆ.

ಕತ್ತರಿಯ ಕರಾಮತ್ತನ್ನು ಲೆಕ್ಕದಲ್ಲೂ ನೋಡಬಹುದು. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಅಮೆರೈನ್ ಮತ್ತು ವಿಂಕ್ಲರ್ 1944ರಲ್ಲಿ ವೈನ್ ಸೀಮೆಗಳನ್ನು ಅಳೆಯುವ ಕೋಷ್ಟಕವೊಂದನ್ನು ಪ್ರಕಟಿಸಿದರು. ದಿನದ ಸರಾಸರಿ ಉಷ್ಣತೆಯಲ್ಲಿ 10 ಕಳೆದು, ಉಳಿದದ್ದನ್ನು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ದಿನದಿನಕ್ಕೂ ಕೂಡಿಸುತ್ತಾ ಹೋಗಬೇಕು. ಮೊತ್ತ 1390ರೊಳಗಿದ್ದರೆ ಅತಿ ತಂಪಿನ ಮೊದಲನೇ ವರ್ಗ, 2220 ದಾಟಿದರೆ ಅತಿ ಬಿಸಿಯ ಐದನೇ ವರ್ಗ. ಗಂಗಾವತಿಗೆ ಹಾಕಿ ನೋಡಿ: ದಿನಕ್ಕೆ 18ರಂತೆ 214 ದಿನಕ್ಕೆ 3852. ಕೋಷ್ಟಕದಲ್ಲಿ ಆರನೇ ವರ್ಗವೇ ಇಲ್ಲ, ಪುಟದ ಅಂಚಿನಲ್ಲಿ ಜಾಗ ಮಾಡಿಕೊಳ್ಳಬೇಕು. ಈಗ ಅದೇ ಲೆಕ್ಕವನ್ನು ಅಕ್ಟೋಬರ್ ನಡುವಿನ ಚಾಟ್ನಿಯಿಂದ ಫೆಬ್ರುವರಿ ಕೊನೆಯ ಕೊಯ್ಲಿನವರೆಗೆ ಮಾಡಿ. ಸರಾಸರಿ 24 ಎಂದುಕೊಂಡರೆ ದಿನಕ್ಕೆ 14ರಂತೆ 135 ದಿನಕ್ಕೆ 1890. ಅಂದರೆ ಮೂರನೇ ವರ್ಗ, ಮಧ್ಯಮ. ಊರು ಅದೇ, ಹೊಲ ಅದೇ, ಬಳ್ಳಿ ಅದೇ. ಶಾಸ್ತ್ರ ಬಲ್ಲವರು ಇದನ್ನು ಮೋಸದ ಲೆಕ್ಕ ಎಂದಾರು. ಬಳ್ಳಿ ಕೋಷ್ಟಕ ಓದುವುದಿಲ್ಲ, ಮೈಗೆ ತಾಗಿದ ಬಿಸಿಯನ್ನಷ್ಟೇ ಎಣಿಸುತ್ತದೆ ಎಂದು ಅವರಿಗೆ ಹೇಳಿ.

ಇದು ಬರೀ ಕಾಗದದ ಮೇಲಿನ ಮಾತೂ ಅಲ್ಲ. ನಂದಿ ಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರ ಸೀಮೆಯಲ್ಲಿ ಗ್ರೋವರ್ ವೈನ್ ಕಂಪನಿ 1988ರಲ್ಲೇ ಶುರುವಾಯಿತು. ಅವರಿಗಾದರೂ ಬೆಂಗಳೂರು ಕಡೆಯ ಹವೆ ಇತ್ತು. ನಮ್ಮ ಕೊಪ್ಪಳ ಜಿಲ್ಲೆಯಲ್ಲೇ, ಹೈದರಾಬಾದಿನ ಕೃಷ್ಣಪ್ರಸಾದ್ ಮತ್ತು ಉಮಾ ಚಿಗುರುಪಾಟಿ ದಂಪತಿ ಕ್ಯಾಬರ್ನೆ ಸೊವಿನ್ಯೊ, ಸಾಂಜೊವೇಸೆ ತಳಿಗಳನ್ನು ನೆಟ್ಟು ಕೃಸ್ಮಾ ಎಸ್ಟೇಟ್ಸ್ ಕಟ್ಟಿದರು. ಬಾಟಲಿಯ ಮೇಲೆ ಹಂಪಿ ಹಿಲ್ಸ್ ಎಂದಿರುತ್ತದೆ. ಹಂಪಿ ಇರುವುದು ತುಂಗಭದ್ರಾ ಹೊಳೆಯ ಆಚೆ ದಂಡೆ, ವಿಜಯನಗರ ಜಿಲ್ಲೆ. ತೋಟ ಈಚೆ. ಗಂಗಾವತಿಯವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಆನೆಗೊಂದಿಯನ್ನೂ ಸಣಾಪುರದ ಕೆರೆಯನ್ನೂ ಹಂಪಿಯೆಂದೇ ಜಗತ್ತು ನೋಡಿ ಹೋಗುತ್ತದೆ.

ಈ ಸೀಮೆಗೆ ದ್ರಾಕ್ಷಿ ಹೊಸಬನೂ ಅಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಪೇಟೆಯ ದರವನ್ನೂ ಬರೆದಿಟ್ಟ: ಒಂದು ಪಣಕ್ಕೆ ದ್ರಾಕ್ಷಿಯಾದರೆ ಮೂರು ಗೊಂಚಲು, ದಾಳಿಂಬೆಯಾದರೆ ಹತ್ತು. ಕುಷ್ಟಗಿ, ಯಲಬುರ್ಗಾ ಇವತ್ತಿಗೂ ಅದೇ ಎರಡು ಹಣ್ಣುಗಳನ್ನು ನಂಬಿ ಕೂತಿವೆ. ಪಣ ಮಾತ್ರ ಸಾಲದ ಲೆಕ್ಕಕ್ಕೆ ಸೇರಿದೆ.

ಹಂತ 3: ಸಾವಯವ ಆಗುವುದು

ರಾಸಾಯನಿಕ ನಿಲ್ಲಿಸಿದ ಮರುದಿನವೇ ಯಾರೂ ಸಾವಯವ ಆಗುವುದಿಲ್ಲ. 2001ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಪ್ರಕಾರ ಬಹುವಾರ್ಷಿಕ ಬೆಳೆಗೆ ಮೂರು ವರ್ಷ ಪರಿವರ್ತನೆಯ ಕಾಲ. ಹೊಸ ಬಳ್ಳಿ ಒಳ್ಳೆಯ ಫಸಲಿಗೆ ಬರಲು ಹೇಗೂ ಅಷ್ಟೇ ಸಮಯ ಬೇಕು. ಕಾಯುವುದು ಎರಡಾದರೂ ಕಾಲ ಒಂದೇ, ಈ ಕೈಪಿಡಿಯಲ್ಲಿರುವ ಏಕೈಕ ರಿಯಾಯಿತಿ ಇದು.

ಜೀವಾಮೃತ: 200 ಲೀಟರ್ ನೀರಿನ ಡ್ರಮ್ಮಿಗೆ ಹತ್ತು ಕಿಲೋ ಸಗಣಿ, ಗಂಜಲ, ಎರಡು ಕಿಲೋ ಬೆಲ್ಲ, ಎರಡು ಕಿಲೋ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಇದೂ ಹುಳಿಯುತ್ತದೆ, ಮುಂದೆ ವೈನೂ ಹುಳಿಯುತ್ತದೆ. ಡ್ರಮ್ಮುಗಳ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆಯಿರಿ.

ಬೋರ್ಡೋ ದ್ರಾವಣ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಫ್ರಾನ್ಸಿನ ಮೆಡಾಕ್‌ನಲ್ಲಿ ದಾರಿಹೋಕರು ಹಣ್ಣು ಕೀಳದಿರಲಿ ಎಂದು ರೈತರು ರಸ್ತೆಬದಿಯ ಬಳ್ಳಿಗೆ ಇದನ್ನು ಬಳಿಯುತ್ತಿದ್ದರು. ಆ ಬಳ್ಳಿಗಳಿಗಷ್ಟೇ ಡೌನಿ ರೋಗ ತಾಗದ್ದನ್ನು ಕಂಡ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಅದನ್ನು ಶಾಸ್ತ್ರವಾಗಿಸಿದ. ಕಳ್ಳರಿಗೆ ಹಾಕಿದ ಹೆದರಿಕೆಯೇ ಜಗತ್ತಿನ ದ್ರಾಕ್ಷಿಯನ್ನು ಉಳಿಸಿತು. ಸಾವಯವದಲ್ಲೂ ಇದಕ್ಕೆ ಒಪ್ಪಿಗೆ ಇದೆ, ಆದರೆ ತಾಮ್ರ ಮಣ್ಣಿನಲ್ಲೇ ಉಳಿಯುತ್ತದೆ. ಯುರೋಪಿನಲ್ಲಿ ಹೆಕ್ಟೇರಿಗೆ ಏಳು ವರ್ಷಕ್ಕೆ 28 ಕಿಲೋ ತಾಮ್ರ ದಾಟುವಂತಿಲ್ಲ.

ಈಗ ಹೊಳಪು ಪತ್ರಿಕೆಯವರು ಬರೆಯದ ಒಂದು ಸಂಗತಿ. ತಂಪಾದ, ಒದ್ದೆಯಾದ ಸೀಮೆಯಲ್ಲಿ ಸಾವಯವ ದ್ರಾಕ್ಷಿ ಬೆಳೆಯುವುದು ನಮಗಿಂತ ಕಷ್ಟ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ವರ್ಷಕ್ಕೆ 900 ಮಿ.ಮೀ. ಆಸುಪಾಸಿನ ಮಳೆ, ಬಳ್ಳಿ ಬೆಳೆಯುವಾಗಲೂ ಸುರಿಯುತ್ತದೆ. ಪ್ರತಿ ಮಳೆಗೂ ತಾಮ್ರದ ಪಂಪು ಹೆಗಲೇರುತ್ತದೆ. ನಮ್ಮ ಜಿಲ್ಲೆಯಲ್ಲಿ 600ರ ಆಸುಪಾಸು, ಬಹುಪಾಲು ಜೂನ್‌ನಿಂದ ಅಕ್ಟೋಬರ್ ಒಳಗೆ. ಗೊಂಚಲು ತುಂಬುವ ಹೊತ್ತಿಗೆ ಆಕಾಶ ಖಾಲಿ. ಬಂಗಾಳಕೊಲ್ಲಿಯ ವಾಯುಭಾರ ಕುಸಿತ ನವೆಂಬರ್‌ನಲ್ಲಿ ಹೂವಿನ ಮೇಲೆ ಮಳೆ ಚೆಲ್ಲದಿದ್ದರೆ ಡೌನಿ ತಲೆ ಎತ್ತುವುದಿಲ್ಲ. ಡಿಸೆಂಬರ್ ಚಳಿಗೆ ಬರುವ ಬೂದಿ ರೋಗಕ್ಕೆ ಗಂಧಕ ಸಾಕು. ಬರದ ನಾಡು ಎಂದು ಸರ್ಕಾರಿ ಕಡತದಲ್ಲಿ ಬಿದ್ದ ಹೆಸರೇ ಇಲ್ಲಿ ಔಷಧಿ.

ನಮ್ಮ ಕಷ್ಟ ಬೇರೆ ಕಡೆ ಇದೆ. ಅಕ್ಟೋಬರ್ ಚಾಟ್ನಿಯ ನಂತರ ಎಲ್ಲ ಕಣ್ಣುಗಳೂ ಒಟ್ಟಿಗೆ ಚಿಗುರಲು ಸಾಮಾನ್ಯ ತೋಟಗಳಲ್ಲಿ ಹೈಡ್ರೋಜನ್ ಸಯನಮೈಡ್ ಹಚ್ಚುತ್ತಾರೆ. ಸಾವಯವದಲ್ಲಿ ಅದಕ್ಕೆ ಪ್ರವೇಶವಿಲ್ಲ. ಇದನ್ನು ಹಚ್ಚಿದವರು ಹಿಂದೆಮುಂದೆ ಕೆಲವು ದಿನ ಮದ್ಯ ಮುಟ್ಟುವಂತಿಲ್ಲ ಎಂಬುದು ಬೇರೆ. ಮುಟ್ಟಿದರೆ ಮೈ ಕೆಂಪೇರಿ, ಎದೆ ಹೊಡೆದುಕೊಂಡು ಜೀವಕ್ಕೇ ಅಪಾಯ. ವೈನ್ ಬಳ್ಳಿಯನ್ನು ಎಬ್ಬಿಸುವ ಔಷಧಿ, ಎಬ್ಬಿಸಿದವನಿಗೆ ವೈನ್ ನಿಷೇಧಿಸುತ್ತದೆ! ಬದಲಿಗೆ ಜಪಾನಿನ ಸಂಶೋಧಕರು ಬೆಳ್ಳುಳ್ಳಿ ಅರೆದು ಕಡ್ಡಿಯ ತುದಿಗೆ ಹಚ್ಚಿ ನೋಡಿದ್ದಾರೆ, ಕಣ್ಣು ಬೇಗ ಒಡೆದಿವೆ. ಮನೆಯಲ್ಲಿ ಚಟ್ನಿಪುಡಿಗೆ ಇಟ್ಟ ಬೆಳ್ಳುಳ್ಳಿ ಕಾಣೆಯಾದರೆ ಕೈಪಿಡಿ ಹೊಣೆಯಲ್ಲ.

ಗಂಗಾವತಿಯವರಿಗೆ ವಿಶೇಷ ಸೂಚನೆ: ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ತೋಟ ಹಾಕಬೇಡಿ. ಅಲ್ಲಿ ಭತ್ತವೇ ದೊರೆ. ಪಕ್ಕದ ಗದ್ದೆಯ ಬಸಿನೀರು ದ್ರಾಕ್ಷಿಯ ಬೇರನ್ನು ಕೊಳೆಸುತ್ತದೆ, ವರ್ಷಾನುಗಟ್ಟಲೆ ನಿಂತ ನೀರಿನಿಂದ ಮೇಲೆದ್ದ ಸವಳು ಎಲೆಯ ಅಂಚನ್ನು ಸುಡುತ್ತದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ಭೂಮಿಯನ್ನೇ ಮುಖ್ಯ ವಿಷಯವಾಗಿ ಅಭ್ಯಾಸ ಮಾಡುತ್ತಾ ಬಂದಿದೆ ಎಂದರೆ ರೋಗದ ಆಳ ತಿಳಿಯಬಹುದು. ಮೇಲಾಗಿ ಬದುವಿನ ಆಚೆ ಸೋನಾಮಸೂರಿಗೆ ಹೊಡೆದ ಔಷಧಿ ಗಾಳಿಗೆ ತೇಲಿ ಬಂದರೆ ನಿಮ್ಮ ಮೂರು ವರ್ಷದ ತಪಸ್ಸು ಒಂದೇ ಬೆಳಗಿಗೆ ಮುಗಿಯುತ್ತದೆ. ನಡುವೆ ಅಂತರ ಬಿಡಬೇಕು, ಬೇಲಿ ಸಾಲು ಬೆಳೆಸಬೇಕು, ನೆರೆಯವರ ಜೊತೆ ಮಾತು ಚೆನ್ನಾಗಿಟ್ಟುಕೊಳ್ಳಬೇಕು. ಮೂರನೆಯದಕ್ಕೆ ಪ್ರಮಾಣಪತ್ರ ಕೊಡುವ ಸಂಸ್ಥೆ ಇನ್ನೂ ಹುಟ್ಟಿಲ್ಲ.

ಹಂತ 4: ಹಣ್ಣಿನಿಂದ ವೈನ್

ರಸದ ಸಿಹಿ ಅಳೆಯುವ ಬ್ರಿಕ್ಸ್ ಮೀಟರ್ 23–24 ತೋರಿಸಿದಾಗ ಕೊಯ್ಯಿರಿ. ಲೀಟರ್ ರಸದಲ್ಲಿರುವ ಸುಮಾರು 17 ಗ್ರಾಂ ಸಕ್ಕರೆ ನೂರಕ್ಕೆ ಒಂದರಷ್ಟು ಆಲ್ಕೋಹಾಲ್ ಆಗುತ್ತದೆ, ಆ ಲೆಕ್ಕದಲ್ಲಿ ವೈನ್ 13–14ಕ್ಕೆ ನಿಲ್ಲುತ್ತದೆ. ಸಿಹಿಯನ್ನಷ್ಟೇ ನೋಡುತ್ತಾ ಕುಳಿತರೆ ಹುಳಿ ಜಾರುತ್ತದೆ. ರಾತ್ರಿ ಬೆಚ್ಚಗಿದ್ದರೆ ಹಣ್ಣು ತನ್ನೊಳಗಿನ ಮ್ಯಾಲಿಕ್ ಆಮ್ಲವನ್ನು ತಾನೇ ಉಸಿರಾಡಿ ಮುಗಿಸುತ್ತದೆ. ತಂಪು ಸೀಮೆಯ ವೈನ್‌ಗೆ ಹೆಸರು ತಂದದ್ದು ಈ ಹುಳಿಯೇ. ಹಾಗಾಗಿ ಮಾರ್ಚ್ ಬಿಸಿಲು ಏರುವ ಮೊದಲೇ ಮುಗಿಸಿ. ಕೊಯ್ಲು ನಸುಕಿನ ಮೂರಕ್ಕೆ, ತಲೆಗೆ ಬ್ಯಾಟರಿ ಕಟ್ಟಿಕೊಂಡು.

ಗುಣಮಟ್ಟ ಪರೀಕ್ಷೆ (ದೊಡ್ಡಪ್ಪ): "ನಮ್ಮ ತ್ವಾಟದಾಗ ನಾವ ಕಳ್ಳರ ಹಂಗ ಹೋಗೂದು ಯಾವ ಶಾಸ್ತ್ರದಾಗ ಐತಿ?"

ಕೆಂಪು ವೈನ್ ಆದರೆ ಸಿಪ್ಪೆ ಸಮೇತ ಹುಳಿಗೆ ಬಿಡಿ, ಬಿಳಿಯದಾದರೆ ಮೊದಲು ಹಿಂಡಿ ರಸ ಮಾತ್ರ ತೆಗೆದುಕೊಳ್ಳಿ. ಯೀಸ್ಟ್ ಸಕ್ಕರೆ ತಿನ್ನುತ್ತಾ ಬಿಸಿಯನ್ನೂ ಬಿಡುತ್ತದೆ. ಬಿಳಿ ವೈನ್ 12ರಿಂದ 18 ಡಿಗ್ರಿಯಲ್ಲಿ ನಿಧಾನಕ್ಕೆ ಹುಳಿಯಬೇಕು, ಕೆಂಪು 30 ದಾಟಬಾರದು. 35 ಮುಟ್ಟಿದರೆ ಯೀಸ್ಟ್ ಸುಸ್ತಾಗಿ ಅರ್ಧಕ್ಕೇ ಕೈಬಿಡುತ್ತದೆ, ಉಳಿದ ಕೆಲಸ ವಿನೆಗರ್ ಮಾಡುವ ಬ್ಯಾಕ್ಟೀರಿಯಾದ ಪಾಲು. ಆದ್ದರಿಂದ ತಂಪು ನೀರು ಸುತ್ತುವ ಸ್ಟೀಲ್ ಟ್ಯಾಂಕು, ಅದಕ್ಕೆ ಕರೆಂಟು. ತ್ರೀ ಫೇಸ್ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದು ಯೀಸ್ಟ್‌ಗೆ ಗೊತ್ತಿರುವುದಿಲ್ಲ, ಜನರೇಟರ್ ಇಟ್ಟುಕೊಳ್ಳಿ. ಹಂತ 1ರಲ್ಲಿ ಸಿಗದ ಬೆಟ್ಟಕ್ಕೆ ಇಲ್ಲಿ ಡೀಸೆಲ್ ರೂಪದಲ್ಲಿ ಬಾಡಿಗೆ ಕಟ್ಟುತ್ತೀರಿ.

ಇದರಲ್ಲಿ ತಮಾಷೆ ಇಲ್ಲ, ನಿಂತು ಓದಿ: ಹುಳಿಯುವ ರಸದಿಂದ ಇಂಗಾಲದ ಡೈಆಕ್ಸೈಡ್ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ನೆಲಮಟ್ಟಕ್ಕೆ ತುಂಬಿಕೊಂಡು ಉಸಿರು ಕಟ್ಟಿಸುತ್ತದೆ. ಗಾಳಿ ಆಡದ ಜಾಗದಲ್ಲಿ ಒಬ್ಬರೇ ಇಳಿದು ಟ್ಯಾಂಕು ತೊಳೆಯಬೇಡಿ.

ವೈನ್ ಕೆಡದಂತೆ ಸಲ್ಫೈಟ್ ಹಾಕಬೇಕೇ ಬೇಡವೇ ಎಂಬುದು ನೀವು ಯಾವ ದೇಶದ ಸಾವಯವ ಎಂಬುದರ ಮೇಲೆ ನಿಂತಿದೆ. ಯುರೋಪ್ 2012ರಲ್ಲಿ ಸಾವಯವ ವೈನ್‌ಗೆ ನಿಯಮ ಮಾಡಿ, ಕೆಂಪಿಗೆ ಲೀಟರ್‌ಗೆ 100 ಮಿ.ಗ್ರಾಂ., ಬಿಳಿಗೆ 150ರವರೆಗೆ ಬಿಟ್ಟಿತು. ಅಮೆರಿಕದಲ್ಲಿ ಸಾವಯವ ವೈನ್ ಎಂದು ಬರೆಯಬೇಕಾದರೆ ಒಂದು ಚಿಟಿಕೆಯೂ ಸೇರಿಸುವಂತಿಲ್ಲ. ಕೊಪ್ಪಳದ ಬಿಸಿಲಲ್ಲಿ ಲಾರಿ ಏರುವ ಬಾಟಲಿಗೆ ಯುರೋಪಿನ ನಿಯಮವೇ ಹಿತ.

ತೊಂದರೆ ಮತ್ತು ಪರಿಹಾರ

*ಗಿಳಿಗಳು ಬರುತ್ತಿವೆ.* ಬ್ರಿಕ್ಸ್ ಸರಿಯಾಗಿದೆ ಎಂದರ್ಥ. ಬಲೆ ಕಟ್ಟಿ.

*ಊರವರು ಬಂದು ಹಣ್ಣು ತಿಂದು ಮುಖ ಕಿವುಚಿದರು.* ವೈನ್ ತಳಿಯ ಕಾಯಿ ಸಣ್ಣದು, ಬೀಜ ದೊಡ್ಡದು, ಸಿಪ್ಪೆ ದಪ್ಪ. ಅದೇ ಅದರ ಗುಣ.

*ಸಾವಯವ ಅಲ್ಲವೇ, ಆರೋಗ್ಯಕ್ಕೆ ಒಳ್ಳೆಯದಲ್ಲವೇ ಎಂದು ಗೆಳೆಯರು ಎರಡನೇ ಗ್ಲಾಸು ಕೇಳುತ್ತಿದ್ದಾರೆ.* ಬಾಟಲಿಯ ಮೇಲಿನ ಎಚ್ಚರಿಕೆ ತೋರಿಸಿ. ಸಗಣಿಯಲ್ಲಿ ಬೆಳೆದ ಹಣ್ಣಿನದಾದರೂ ಆಲ್ಕೋಹಾಲ್ ಆಲ್ಕೋಹಾಲೇ. ಅದಕ್ಕೆ ಸುರಕ್ಷಿತ ಪ್ರಮಾಣ ಎಂಬುದು ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

*ಕಾಗದಪತ್ರ ಮುಗಿಯುತ್ತಿಲ್ಲ.* ರಾಜ್ಯದಲ್ಲಿ 2007ರಿಂದ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಇದೆ, ವೈನ್ ಮಂಡಳಿಯೂ ಇದೆ. ಮುನಿರಾಬಾದಿನಲ್ಲಿ ತೋಟಗಾರಿಕೆ ಮಹಾವಿದ್ಯಾಲಯವಿದೆ, ಬೆಳೆಯ ಪ್ರಶ್ನೆ ಅಲ್ಲಿ ಕೇಳಿ. ಅಬಕಾರಿ ಪ್ರಶ್ನೆ ಅಬಕಾರಿ ಇಲಾಖೆಯಲ್ಲೇ ಕೇಳಿ. ಇವೆರಡನ್ನು ಅದಲುಬದಲು ಮಾಡಬೇಡಿ.

ಖಾತರಿ

ತಂಪಿಗೆ ಖಾತರಿ ಇಲ್ಲ. ಮೂಲ ಕೈಪಿಡಿ ಬರೆದ ಯುರೋಪಿನವರಿಗೂ ಈಗ ಅದು ಸಿಗುತ್ತಿಲ್ಲ. ಜರ್ಮನಿಯಲ್ಲಿ ಬಳ್ಳಿಯ ಮೇಲೇ ಹೆಪ್ಪುಗಟ್ಟಿದ ಹಣ್ಣಿನಿಂದ ಹಿಮವೈನ್ ಮಾಡುತ್ತಾರೆ. 2019ರ ಬೆಳೆಗೆ ಅಲ್ಲಿನ 13 ವೈನ್ ಸೀಮೆಗಳಲ್ಲಿ ಒಂದರಲ್ಲೂ ಅದಕ್ಕೆ ಬೇಕಾದ ಚಳಿ ಬೀಳಲಿಲ್ಲ. ತಳಿಯ ವಿಷಯದಲ್ಲಿ ಮಡಿವಂತಿಕೆಗೆ ಹೆಸರಾದ ಬೋರ್ಡೋ, ಬಿಸಿಲಿಗೆ ಜಗ್ಗದ ಆರು ಹೊಸ ತಳಿಗಳಿಗೆ 2021ರಲ್ಲಿ ಬಾಗಿಲು ತೆರೆಯಿತು. ಅರ್ಜೆಂಟೀನಾದ ಸಾಲ್ಟಾದಲ್ಲಿ ಕೊಲೊಮೆ ಕಂಪನಿಯ ತೋಟ 3111 ಮೀಟರ್ ಎತ್ತರಕ್ಕೆ ಏರಿ ಕೂತಿದೆ. ಅವರು ತಂಪನ್ನು ಅಟ್ಟಿಸಿಕೊಂಡು ಗುಡ್ಡ ಹತ್ತುತ್ತಿದ್ದಾರೆ. ಹತ್ತಲು ಗುಡ್ಡವಿಲ್ಲದ ನಾವು ಬಿಸಿಲಿನ ನಡುವೆ ನಾಲ್ಕು ತಿಂಗಳು ಕತ್ತರಿಸಿ ತೆಗೆಯುವುದನ್ನು ಮೊದಲೇ ಕಲಿತಿದ್ದೇವೆ. ಆದ್ದರಿಂದ ಲೇಬಲ್ ಮೇಲೆ ತಂಪು ಬೆಟ್ಟದ ಚಿತ್ರ ಹಾಕುವ ಆಸೆ ಬಿಡಿ. ಕೊಪ್ಪಳ ಜಿಲ್ಲೆ, ಮಸಾರಿ ಮಣ್ಣು, ಅಕ್ಟೋಬರ್ ಚಾಟ್ನಿ, ಫೆಬ್ರುವರಿ ಕೊಯ್ಲು ಎಂದು ಬರೆಯಿರಿ. ಸುಳ್ಳೂ ಅಲ್ಲ, ಬೇರೆಯವರು ಕದಿಯಲೂ ಆಗದು.

ಷರತ್ತುಗಳು ಅನ್ವಯ (ಸಣ್ಣ ಅಕ್ಷರದಲ್ಲಿ)

ದೊಡ್ಡಪ್ಪನ ಕೊನೆಯ ಪ್ರಶ್ನೆ: "ಯಾರು ತೊಗೋತಾರ? ಕಿಲೋಕ ಎಷ್ಟು?" ಥಾಮ್ಸನ್ ಸೀಡ್‌ಲೆಸ್ ಬೆಳೆದವರಿಗೆ ಸಂತೆ ಇದೆ, ಸಂತೆಯಲ್ಲಿ ದರ ಬಿದ್ದರೆ ಒಣಗಿಸಿ ಮಣೂಕ ಮಾಡುವ ದಾರಿ ಇದೆ. ಬೀಜ ತುಂಬಿದ ಕ್ಯಾಬರ್ನೆಗೆ ಆ ಎರಡೂ ದಾರಿ ಮುಚ್ಚಿವೆ, ಅದನ್ನು ಕೊಳ್ಳುವವನು ವೈನರಿಯವನೊಬ್ಬನೇ. 2009–10ರ ಹೊತ್ತಿಗೆ ನಾಸಿಕ್ ಕಡೆ ವೈನರಿಗಳು ಖರೀದಿಯಿಂದ ಹಿಂದೆ ಸರಿದಾಗ ರೈತರು ವೈನ್ ತಳಿಯ ಬಳ್ಳಿಗಳನ್ನು ಕಿತ್ತು ಹಾಕಿದರು. ಹೀಗಾಗಿ ಗುಂಡಿ ತೋಡುವ ಮೊದಲೇ ಬರವಣಿಗೆಯಲ್ಲಿ ಕರಾರು ಮಾಡಿಕೊಳ್ಳಿ: ಎಷ್ಟು ವರ್ಷ, ಎಷ್ಟು ದರ, ಸಾವಯವಕ್ಕೆ ಎಷ್ಟು ಹೆಚ್ಚು, ಬ್ರಿಕ್ಸ್ ಒಂದು ಕಡಿಮೆಯಾದರೆ ಎಷ್ಟು ಕಡಿತ, ಎಲ್ಲವನ್ನೂ. ನ್ಯಾಯವಾಗಿ ಇದು ಹಂತ 1 ಆಗಬೇಕಿತ್ತು. ಜಗತ್ತಿನ ಎಲ್ಲ ಕೈಪಿಡಿಗಳ ಪದ್ಧತಿಯಂತೆ ಕೊನೆಯ ಪುಟಕ್ಕೆ ಹಾಕಲಾಗಿದೆ.